ನಿಮ್ಮದೇ ಜೆಮಿನಿ ಕ್ಯಾಪ್ಸೂಲ್ ಕಟ್ಟೋಣ ಬನ್ನಿ

[ಸ್ಕ್ರೀನ್: ಲಗ್ರಾಂಜ್ ಬ್ರೌಸರ್‌ನಲ್ಲಿ ತೆರೆದಿರುವ ಕನ್ನಡ ಪುಟ]

ನಮಸ್ಕಾರ. ಈ ಪುಟ ಕ್ರೋಮ್‌ನಲ್ಲಿ ತೆರೆಯುವುದಿಲ್ಲ. ಇದಕ್ಕೆ ಬೇರೆಯೇ ಬ್ರೌಸರ್ ಬೇಕು. ಇಲ್ಲಿ ಕುಕಿ ಇಲ್ಲ, ಜಾವಾಸ್ಕ್ರಿಪ್ಟ್ ಇಲ್ಲ, ನೀವು ಹೋದಲ್ಲೆಲ್ಲ ಹಿಂಬಾಲಿಸುವ ಜಾಹೀರಾತಿಗೆ ದಾರಿಯೂ ಇಲ್ಲ. ಇದು ಜೆಮಿನಿ.

ಗೂಗಲ್‌ನ ಎಐ ಅಲ್ಲ. ಅದಕ್ಕೂ ಮುಂಚೆ, 2019ರಲ್ಲಿ, ಸೋಲ್ಡರ್‌ಪಂಕ್ ಎಂಬ ಹೆಸರಿನವರು ಶುರು ಮಾಡಿದ ಪ್ರೋಟೊಕಾಲ್, ಅಂದರೆ ಕಂಪ್ಯೂಟರ್‌ಗಳು ಪುಟ ಕೇಳುವ, ಕೊಡುವ ನಿಯಮಗಳ ಕಟ್ಟು. ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ 1991ರಲ್ಲಿ ಬಂದ ಗೋಫರ್ ಎಂಬ ಇಂಥದ್ದೇ ಪ್ರೋಟೊಕಾಲ್‌ನ ಸರಳತೆಯನ್ನು ಇದು ಉಳಿಸಿಕೊಂಡಿದೆ. ಜೊತೆಗೆ ಎನ್‌ಕ್ರಿಪ್ಶನ್ ಕಡ್ಡಾಯ ಮಾಡಿದೆ. ಇಲ್ಲಿ ಸೈಟಿಗೆ ಕ್ಯಾಪ್ಸೂಲ್ ಅನ್ನುತ್ತಾರೆ. ಸರ್ವರ್‌ನ ಬಾಗಿಲಿನಂಥ ಪೋರ್ಟ್‌ನ ಸಂಖ್ಯೆ 1965. ನಾಸಾದ ಜೆಮಿನಿ ನೌಕೆಯಲ್ಲಿ ಗಗನಯಾತ್ರಿಗಳು ಮೊದಲ ಸಲ ಹಾರಿದ ವರ್ಷ ಅದು.

ಕೆಲಸ ಮಾಡುವ ರೀತಿ ತುಂಬಾ ಚಿಕ್ಕದು. ಬ್ರೌಸರ್ ಒಂದೇ ಸಾಲಿನಲ್ಲಿ ವಿಳಾಸ ಕಳಿಸುತ್ತದೆ. ಸರ್ವರ್ ಎರಡಂಕಿಯ ಉತ್ತರ ಕೊಡುತ್ತದೆ. 20 ಅಂದರೆ ಪುಟ ಇದೆ, ತಗೊಳ್ಳಿ. 51 ಅಂದರೆ ಸಿಗಲಿಲ್ಲ. ಪುಟ ಕೊಟ್ಟ ಕೂಡಲೇ ಸಂಪರ್ಕ ಮುಗಿಯುತ್ತದೆ.

[ಸ್ಕ್ರೀನ್: ಎಡಿಟರ್‌ನಲ್ಲಿ ಜೆಮ್‌ಟೆಕ್ಸ್ಟ್ ಫೈಲ್]

ಪುಟ ಬರೆಯುವುದು ಜೆಮ್‌ಟೆಕ್ಸ್ಟ್‌ನಲ್ಲಿ. ಸಾಲಿನ ಶುರುವಿನಲ್ಲಿ ಹ್ಯಾಶ್ ಇದ್ದರೆ ತಲೆಬರಹ, ನಕ್ಷತ್ರ ಇದ್ದರೆ ಪಟ್ಟಿ, ಬಾಣದ ಗುರುತು (=>) ಇದ್ದರೆ ಲಿಂಕ್. ವಾಕ್ಯದ ಮಧ್ಯೆ ಲಿಂಕ್ ಹಾಕುವಂತಿಲ್ಲ, ಅದಕ್ಕೆ ಬೇರೆಯೇ ಸಾಲು ಬೇಕು. ಮೊದಮೊದಲು ಕೈ ಕಟ್ಟಿಹಾಕಿದಂತೆ ಅನಿಸುತ್ತದೆ. ನನಗಂತೂ ಇದರ ಅತಿ ಒಳ್ಳೆಯ ಗುಣ ಇದೇ. ಲಿಂಕ್ ಒತ್ತಿದರೆ ಅರ್ಥವಾಗುತ್ತದೆ ಅಂತ ಬಿಟ್ಟುಬಿಡಲು ಆಗುವುದಿಲ್ಲ. ಹೇಳಬೇಕಾದ್ದನ್ನು ಅಲ್ಲೇ ಬಿಡಿಸಿ ಹೇಳಬೇಕಾಗುತ್ತದೆ. ಫಾಂಟ್, ಬಣ್ಣ, ಅಕ್ಷರದ ಗಾತ್ರ ಎಲ್ಲವೂ ಓದುವವರ ಆಯ್ಕೆ.

ಇನ್ನು ಸರ್ವರ್. ಹಳೆ ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಸಾಕು. ಶುರುವಿಗೆ ಅಗೇಟ್ ಅನ್ನುವ ಸರ್ವರ್ ತಂತ್ರಾಂಶ ಒಳ್ಳೆಯದು. ಪುಟಗಳ ಫೋಲ್ಡರ್ ಎಲ್ಲಿದೆ, ನಿಮ್ಮ ಡೊಮೇನ್ ಯಾವುದು, ಭಾಷೆ ಕನ್ನಡ ಅಂತ ಹೇಳಿದರೆ ಆಯಿತು, ಸರ್ವರ್‌ನ ಗುರುತುಪತ್ರವಾದ ಸರ್ಟಿಫಿಕೇಟನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಆ ಸರ್ಟಿಫಿಕೇಟ್ ಬಗ್ಗೆ ಸ್ವಲ್ಪ ನಿಲ್ಲೋಣ. ಜೆಮಿನಿಯಲ್ಲಿ ಸರ್ಟಿಫಿಕೇಟ್‌ಗೆ ಬೇರೆ ಸಂಸ್ಥೆಯ ಮುದ್ರೆ ಬೇಕಿಲ್ಲ. ಓದುಗರ ಬ್ರೌಸರ್ ಮೊದಲ ಭೇಟಿಯಲ್ಲಿ ಅದನ್ನು ನಂಬಿ ನೆನಪಿಟ್ಟುಕೊಳ್ಳುತ್ತದೆ. ಮುಂದಿನ ಸಲ ಬೇರೆ ಕಂಡರೆ ಎಚ್ಚರಿಕೆ ಕೊಡುತ್ತದೆ. ಹಾಗಾಗಿ ಸರ್ಟಿಫಿಕೇಟ್ ಮತ್ತು ಅದರ ಕೀ ಫೈಲನ್ನು ಮೊದಲ ದಿನವೇ ಬ್ಯಾಕಪ್ ಮಾಡಿ. ಮೆಮೊರಿ ಕಾರ್ಡ್ ಕೆಟ್ಟು ಹೊಸದು ಮಾಡಿದಿರೋ, ಹಳೆಯ ಓದುಗರಿಗೆಲ್ಲ ನೀವು ಅಪರಿಚಿತರು.

ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು ಮಾತ್ರ ಮನೆಯ ಇಂಟರ್ನೆಟ್‌ನಲ್ಲಿ. ನಮ್ಮಲ್ಲಿ ಅನೇಕ ಕನೆಕ್ಷನ್‌ಗಳಿಗೆ ಇಂಟರ್ನೆಟ್‌ನಲ್ಲಿ ಗುರುತಿಸುವ ಸಂಖ್ಯೆಯಾದ ಐಪಿವಿ4 ವಿಳಾಸ ಸ್ವಂತದ್ದು ಇರುವುದಿಲ್ಲ. ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರುತ್ತಾರೆ. ಆಗ ನೀವು ರೂಟರ್‌ನಲ್ಲಿ ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರಲಾರರು. ರೂಟರ್ ತೋರಿಸುವ ವ್ಯಾನ್ (WAN, ಅಂದರೆ ಇಂಟರ್ನೆಟ್ ಕಡೆಯ) ವಿಳಾಸ ಮತ್ತು ಹೊರಗಿನ ಸೈಟ್ ತೋರಿಸುವ ನಿಮ್ಮ ವಿಳಾಸ ಎರಡೂ ಒಂದೇನಾ ನೋಡಿ. ಬೇರೆ ಬೇರೆ ಇದ್ದರೆ ಕನೆಕ್ಷನ್ ಕೊಟ್ಟವರಲ್ಲಿ ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ವಿಳಾಸ ಕೇಳಿ, ಇಲ್ಲವೇ ಸಣ್ಣ ವಿಪಿಎಸ್ (ಡೇಟಾ ಸೆಂಟರ್‌ನಲ್ಲಿ ಓಡುವ ವರ್ಚುವಲ್ ಸರ್ವರ್) ಬಾಡಿಗೆಗೆ ತಗೊಳ್ಳಿ. ಹೊಸ ಬಗೆಯ ವಿಳಾಸವಾದ ಐಪಿವಿ6 ಕೂಡ ದಾರಿಯೇ, ಆದರೆ ಅದಿಲ್ಲದ ಓದುಗರಿಗೆ ನಿಮ್ಮ ಪುಟ ಸಿಗುವುದಿಲ್ಲ. ಪದೇ ಪದೇ ಕರೆಂಟ್ ಹೋಗುವ ಊರಾದರೆ ವಿಪಿಎಸ್ ಮೇಲು.

[ಸ್ಕ್ರೀನ್: ಫೈಲ್ ಹೆಸರು ಮತ್ತು ಅದರ ಎನ್‌ಕೋಡ್ ಆದ ರೂಪ]

ಕನ್ನಡದಲ್ಲಿ ಬರೆಯುವವರು ಇದನ್ನು ಗಮನಿಸಬೇಕು. ಜೆಮಿನಿ ವಿಳಾಸ 1024 ಬೈಟ್ ಮೀರುವಂತಿಲ್ಲ. ವಿಳಾಸದಲ್ಲಿ ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ 9 ಬೈಟ್ ಬೇಕು. ಗುಣಿತದ ಗುರುತೂ, ಒತ್ತಕ್ಷರ ಮಾಡುವ ವಿರಾಮದ ಗುರುತೂ (್) ಬೇರೆ ಬೇರೆ ಲೆಕ್ಕ. 'ನಮಸ್ಕಾರ' ಅನ್ನುವುದಕ್ಕೇ 63 ಬೈಟ್! ಓದುಗರು ಹುಡುಕಾಟದ ಪೆಟ್ಟಿಗೆಯಲ್ಲಿ ಟೈಪ್ ಮಾಡಿದ್ದೂ ವಿಳಾಸದ ಭಾಗವಾಗಿಯೇ ಹೋಗುತ್ತದೆ. ಅದಕ್ಕೇ ಫೈಲ್ ಹೆಸರು ಚಿಕ್ಕದಾಗಿರಲಿ. ಪುಟದ ಒಳಗೆ ಈ ಮಿತಿ ಇಲ್ಲ, ಎಷ್ಟು ಬೇಕಾದರೂ ಬರೆಯಿರಿ. ಕನ್ನಡದ ಬದಲು ಖಾಲಿ ಚೌಕ ಕಂಡರೆ ಬ್ರೌಸರ್‌ಗೆ ನೋಟೊ ಸಾನ್ಸ್ ಕನ್ನಡ ಫಾಂಟ್ ಸೇರಿಸಿ.

ಜನ ಹೇಗೆ ಬರುತ್ತಾರೆ ಅಂತ ಕೇಳುತ್ತೀರಿ ಅಲ್ವಾ? ಮುಖಪುಟದ ಪ್ರತಿ ಲಿಂಕ್‌ನ ಹೆಸರನ್ನು ವರ್ಷ, ತಿಂಗಳು, ದಿನ ಈ ಕ್ರಮದ ತಾರೀಕಿನಿಂದ ಶುರು ಮಾಡಿ. ಅಷ್ಟು ಮಾಡಿದರೆ ಲಗ್ರಾಂಜ್‌ನಂಥ ಬ್ರೌಸರ್‌ನಲ್ಲಿ ಓದುಗರು ನಿಮ್ಮ ಪುಟಕ್ಕೆ ಚಂದಾದಾರರಾಗಬಹುದು. ಹೊಸ ಬರಹ ಹಾಕಿದಾಗ ಆಂಟೆನಾ ಅನ್ನುವ ಕ್ಯಾಪ್ಸೂಲ್‌ಗೆ ನಿಮ್ಮ ವಿಳಾಸ ಕೊಡಿ, ಅಲ್ಲಿನ ಪಟ್ಟಿಗೆ ಅದು ಸೇರುತ್ತದೆ. ಅಲ್ಲಿ ಹೆಚ್ಚಿನವರು ಇಂಗ್ಲಿಷ್‌ನಲ್ಲಿ ಬರೆಯುವವರು. ನೀವು ಕನ್ನಡದಲ್ಲೇ ಬರೆಯಿರಿ. ವಿಳಾಸವನ್ನು ಈ ವಿಡಿಯೋದ ಕೆಳಗೆ ಹಾಕಿ, ನಾನು ಖಂಡಿತ ಬಂದು ಓದುತ್ತೇನೆ.