ಕಡೇ ಬಸ್ಸು ಮತ್ತು ಮಂಗಳ

ಎಲ್ಲರಿಗೂ ನಮಸ್ಕಾರ. ಐದೂವರೆಗೆ ಅಂದಿದ್ದ ಕಾರ್ಯಕ್ರಮ ಆರೂಕಾಲಿಗೆ ಶುರುವಾಗಿದೆ. ನನಗೆ ಬೇಜಾರಿಲ್ಲ. ನನ್ನ ಮಾತಿಗೆ ಇದಕ್ಕಿಂತ ಒಳ್ಳೆ ಪೀಠಿಕೆ ಸಿಗುತ್ತಿರಲಿಲ್ಲ. ರಾಜಧಾನಿಯ ಕಲಾಜಗತ್ತು ಅಂತ ವಿಷಯ ಕೊಟ್ಟಿದ್ದೀರಿ. ನಾನು ಬಸ್ಸಿನ ಬಗ್ಗೆ ಮಾತಾಡುತ್ತೇನೆ.

ನಮ್ಮ ತಂದೆಗೆ ಸಂಗೀತದ ಹುಚ್ಚು. ರಾಮನವಮಿ ಬಂದರೆ ಸಾಕು, ಇದೇ ಯಲಹಂಕದಿಂದ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ ಹೊರಡುತ್ತಿದ್ದರು. ಜೊತೆಗೆ ನಾನು, ಒಂದು ಡಬ್ಬಿ ಚಿತ್ರಾನ್ನ. 1939ರಿಂದ ನಡೆದುಬಂದ ರಾಮನವಮಿ ಸಂಗೀತ ಕಛೇರಿಗಳು, ನಿಮಗೆ ಗೊತ್ತೇ ಇದೆ. ನಾವು ಕೂರುತ್ತಿದ್ದದ್ದು ಹಿಂದಿನ ಸಾಲಿನಲ್ಲಿ. ದುಡ್ಡಿನ ವಿಷಯ ಒಂದು, ಎದ್ದು ಹೋಗೋಕೆ ಸುಲಭ ಅನ್ನೋದು ಇನ್ನೊಂದು. ಮೃದಂಗದವರು ತನಿ, ಅಂದರೆ ಹಾಡು ನಿಲ್ಲಿಸಿ ತಾಳವಾದ್ಯದವರಷ್ಟೇ ನುಡಿಸುವ ಭಾಗ, ಶುರು ಮಾಡಿದ ಕೂಡಲೇ ಅಪ್ಪನ ಕೈ ನನ್ನ ಹೆಗಲ ಮೇಲೆ ಬೀಳುತ್ತಿತ್ತು. "ಏಳೋ, ಮೆಜೆಸ್ಟಿಕ್ಕಿನಲ್ಲಿ ಕಡೇ ಬಸ್ಸು."

ತನಿ ಬಂದರೆ ಜನ ಎದ್ದು ಹೋಗುತ್ತಾರೆ ಅಂತ ಮೃದಂಗದವರಿಗೆ ಬೇಸರ. ಸ್ವಾಮಿ, ಅದು ಅಗೌರವ ಅಲ್ಲ, ಕಡೇ ಬಸ್ಸಿನ ಭಯ!

ನಿಜ ಹೇಳುತ್ತೇನೆ, ಕಛೇರಿ ಅಂದರೆ ತನಿಗೇ ಮುಗಿಯುತ್ತದೆ ಅಂತ ನಾನು ಎಷ್ಟೋ ದಿನ ಅಂದುಕೊಂಡಿದ್ದೆ. ಒಂದು ರಾತ್ರಿ ಗೇಟು ದಾಟಿ ಮೂಲೆಗೆ ಬಂದಿದ್ದೇವೆ, ಮೈಕಿನಲ್ಲಿ ಮೃದಂಗ ಹಿಂದೆಯೇ ಬರುತ್ತಿದೆ. ಅಪ್ಪ ನಿಂತರು. ತೊಡೆ ಮೇಲೆ ತಾಳ ಹಾಕಿದರು. ಎರಡು ನಿಮಿಷ ಆಯಿತು, ಐದಾಯಿತು. "ಹಾಳಾಗಿ ಹೋಗಲಿ ಬಸ್ಸು, ನಡಿ" ಅಂದು ವಾಪಸ್ ಹೊರಟೇಬಿಟ್ಟರು. ಆ ಮೈದಾನದಲ್ಲಿ ನಾನು ಮೊದಲ ಸಲ ಮಂಗಳ, ಅಂದರೆ ಕಛೇರಿ ಮುಗಿಸುವ ಹಾಡು, ಕೇಳಿದ್ದು ಆವತ್ತೇ. ಆಮೇಲೆ ಬೆಳಗಿನ ತನಕ ಮೆಜೆಸ್ಟಿಕ್ಕಿನ ಕಲ್ಲುಬೆಂಚು. ಮನೆಯಲ್ಲಿ ಅಮ್ಮ ಮಾಡಿದ ಮಂಗಳಾರತಿ ಬೇರೆ.

ಹಳಬರು ಬುದ್ಧಿವಂತರು, ಅಲ್ವಾ? ಬಯಲಾಟ ರಾತ್ರಿ ಊಟ ಆದಮೇಲೆ ಶುರು, ಮೊದಲ ಬಸ್ಸಿನ ಹೊತ್ತಿಗೆ ಮುಕ್ತಾಯ. ನಮ್ಮ ಕರಗವೂ ಹಾಗೇ. ಧರ್ಮರಾಯನ ಗುಡಿಯಿಂದ ಹೊರಡೋದೇ ನಡುರಾತ್ರಿ. ಯಾರೂ ಗಡಿಯಾರ ನೋಡುವುದಿಲ್ಲ.

ಈಗಿನ ಕಥೆಗೆ ಬರೋಣ. ಸಂಗೀತ ಕಛೇರಿ ನಡೆಸುವ ಗಾಯನ ಸಮಾಜ ಶುರುವಾದದ್ದು 1905ರಲ್ಲಿ. ಪುರಭವನ 1935ರದ್ದು. ಟ್ಯಾಗೋರರ ನೂರನೇ ವರ್ಷದ ನೆನಪಿಗೆ ಕಟ್ಟಿದ ರವೀಂದ್ರ ಕಲಾಕ್ಷೇತ್ರ ತೆರೆದದ್ದು 1963ರಲ್ಲಿ. ಮೂರೂ ಹಳೇ ಊರಿನ ಆಸುಪಾಸಿನಲ್ಲೇ ಇವೆ. ಆಗ ಅದು ಸರಿಯೇ. 1961ರ ಜನಗಣತಿಯಲ್ಲಿ ಬೆಂಗಳೂರಿನ ಜನ ಸುಮಾರು 12 ಲಕ್ಷ. 2011ಕ್ಕೆ ಸುಮಾರು 84 ಲಕ್ಷ! ನಡುವೆ 2007ರಲ್ಲಿ ಯಲಹಂಕ, ಕೆಂಗೇರಿ, ಜೊತೆಗೆ 110 ಹಳ್ಳಿಗಳು ಪಾಲಿಕೆಯೊಳಗೆ ಬಂದವು. ನಾವೂ ಬೆಂಗಳೂರಿನವರಾದೆವು, ಸಂತೋಷ. ನಾಟಕ ಮಾತ್ರ ಇನ್ನೂ ಪುರಭವನ, ಕಲಾಕ್ಷೇತ್ರ ಇರುವ ಜೆ.ಸಿ. ರಸ್ತೆಯಲ್ಲೇ. ಹೊಸ ಸಭಾಂಗಣ ಕಟ್ಟುತ್ತೇವೆ ಅಂದಾಗಲೆಲ್ಲ ನಾನು ಕೇಳುವುದು ಒಂದೇ: ಕಡೇ ಬಸ್ಸು ಎಷ್ಟು ಹೊತ್ತಿಗೆ?

ರಂಗಶಂಕರ ನಾಟಕಮಂದಿರದಲ್ಲಿ ಏಳೂವರೆಗೆ ಸರಿಯಾಗಿ ನಾಟಕ ಶುರು ಅನ್ನೋ ನಿಯಮ ಕೆಲವರಿಗೆ ಸಿಟ್ಟು ತರಿಸುತ್ತದೆ. ತಡವಾದರೆ ಒಳಗೆ ಬಿಡುವುದಿಲ್ಲ. ಟಿಕೆಟ್ ಹಿಡಿದು ಹೊರಗೆ ನಿಂತು ನಾನೂ ಗೊಣಗಿದ್ದೇನೆ. ಟ್ರಾಫಿಕ್ಕಿಗೆ ಬೈದು, ಕೆಳಗೆ ಕೆಫೆಯಲ್ಲಿ ಸಾಬೂದಾನ ವಡೆ ತಿಂದು ಮನೆಗೆ ಹೋದೆ. ಆದರೆ 2004ರಿಂದ ಆ ನಿಯಮ ಇದೆಯಲ್ಲ, ಅದರಿಂದ ದೂರದವರಿಗೇ ಜಾಸ್ತಿ ಉಪಕಾರ. ಸಮಯಕ್ಕೆ ಶುರುವಾದರೆ ತಾನೇ ಸಮಯಕ್ಕೆ ಮುಗಿಯೋದು? ನಲವತ್ತು ನಿಮಿಷ ಸ್ವಾಗತ ಭಾಷಣ ಮಾಡುವವರು ಅಷ್ಟೂ ಹೊತ್ತನ್ನು ಹಿಂದಿನ ಸಾಲಿನವರಿಂದ ಕದಿಯುತ್ತಾರೆ. ಮುಂದಿನ ಸಾಲಿನವರಿಗೆ ಕಾರಿದೆ.

ಕಲಾವಿದರು ರಸ್ತೆಯಲ್ಲೇ ಚಿತ್ರ ಇಟ್ಟು ಮಾರುವ ಚಿತ್ರಸಂತೆ ನೋಡಿ. ಕುಮಾರಕೃಪಾ ರಸ್ತೆ, ಜನವರಿಯ ಭಾನುವಾರ, ಹಗಲು ಹೊತ್ತು. ಮಕ್ಕಳು ಮರಿ ಕಟ್ಟಿಕೊಂಡು ಎಲ್ಲ ಕಡೆಯಿಂದ ಜನ ಬರುತ್ತಾರೆ. ಯಾಕೆ? ವಾಪಸ್ ಹೋಗೋಕೆ ಬಸ್ಸಿರುತ್ತದೆ! ಕಡಲೆಕಾಯಿ ಪರಿಷೆ ಬಗ್ಗೆಯೂ ಬರೆದುಕೊಂಡಿದ್ದೆ, ಮೆಟ್ರೊ ಬಗ್ಗೆ ಎರಡು ಪುಟ ಇದೆ... ಮಾತು ಮುಗಿಸಿ ಅಂತ ಚೀಟಿ ಬಂತು. ಇರಲಿ, ಬಿಡೋಣ.

ನನ್ನ ನಂತರ ನಿಮ್ಮ ಬಡಾವಣೆ ಮಕ್ಕಳ ಮೃದಂಗ ಇದೆಯಂತೆ. ಯಾರೂ ಏಳಬೇಡಿ. ನಾನೂ ಕೊನೇ ತನಕ ಇರುತ್ತೇನೆ. ಬಸವನಗುಡಿ ಕಡೆ ಹೋಗುವವರು ಯಾರಾದರೂ ಇದ್ದರೆ ಗಾಡಿಯಲ್ಲಿ ಹಿಂದಿನ ಸೀಟು ಖಾಲಿ ಇಟ್ಟಿರಿ.