ಗಾಳಿ ಅಳೆದು ಏನು ತಿರುಗಿಸುತ್ತೀರಿ?

ಕೇಳುಗರಿಗೆ ನಮಸ್ಕಾರ.

ಸೈಕಲ್ಲಿಗೆ ಹಾಕುವ ದುಬಾರಿ ಕಂಪ್ಯೂಟರ್‌ಗಳಲ್ಲಿ ಈಗ ಗಾಳಿ ಅಳೆಯುವ ಸೆನ್ಸರ್ ಬರುತ್ತಿದೆ, ಅದಕ್ಕೆ ಅಷ್ಟು ದುಡ್ಡು ಕೊಡಬಹುದಾ, ಇದರ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ಧಾರವಾಡ ಆಕಾಶವಾಣಿಯವರು ಕರೆದಿದ್ದಾರೆ. ನಾನು ಸೈಕಲ್ ಅಂಗಡಿಯವನಲ್ಲ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳಿವೆಯಲ್ಲ, ನಮ್ಮ ಕಡೆ ಜನ ಫ್ಯಾನ್ ಅಂತಾರೆ, ಅವುಗಳ ರಿಪೇರಿ ಕೆಲಸ ಹದಿನೆಂಟು ವರ್ಷ ಮಾಡಿದವನು. ಭಾನುವಾರ ಬಂತೆಂದರೆ ಸೈಕಲ್ ತುಳಿಯುತ್ತೇನೆ. ಗಾಳಿಯ ಜೊತೆ ವಾರದ ಏಳೂ ದಿನ ಗುದ್ದಾಡಿದ್ದೇನೆ ಅನ್ನಿ.

ಸೈಕಲ್ ಹುಡುಗರು ಈ ಹೊತ್ತಿನಲ್ಲಿ ರೇಡಿಯೋ ಕೇಳುತ್ತಿರುವುದು ಅನುಮಾನ. ಕೇಳುತ್ತಿರುವವರು ಅವರ ಅಪ್ಪ ಅಮ್ಮ. ಹಾಗಾಗಿ ನಿಮಗೇ ಹೇಳುತ್ತೇನೆ. ಮಗನೋ ಮಗಳೋ ಬಂದು ಇದು ಬೇಕೇ ಬೇಕು ಅಂದರೆ ಒಂದೇ ಪ್ರಶ್ನೆ ಕೇಳಿ. ಗಾಳಿ ಎಷ್ಟಿದೆ ಅಂತ ಗೊತ್ತಾದ ಮೇಲೆ ಏನು ತಿರುಗಿಸುತ್ತೀ?

ಯಾಕೆ ಹೀಗೆ ಕೇಳುತ್ತೇನೆ ಅಂದರೆ, ನಮ್ಮ ಫ್ಯಾನಿನ ಬೆನ್ನ ಮೇಲೂ ಗಾಳಿ ಅಳೆಯುವ ಸಾಧನ ಇರುತ್ತದೆ. ಮೂರು ಸಣ್ಣ ಬಟ್ಟಲು ಗಿರಗಿರ ತಿರುಗುತ್ತವೆ, ಪಕ್ಕದಲ್ಲಿ ದಿಕ್ಕು ತೋರಿಸುವ ಬಾಲ. ಅದು ಕೆಟ್ಟರೆ ನಾವು ಎದ್ದೆವೋ ಬಿದ್ದೆವೋ ಅಂತ ಏಣಿ ಹತ್ತುತ್ತಿದ್ದೆವು. ಯಾಕೆಂದರೆ ಆ ಅಳತೆ ಬಂದ ಕೂಡಲೇ ಯಂತ್ರ ಏನಾದರೂ ಮಾಡುತ್ತದೆ. ಗಾಳಿ ದಿಕ್ಕು ಬದಲಾದರೆ ತಲೆಯನ್ನೇ ಆ ಕಡೆ ತಿರುಗಿಸುತ್ತದೆ. ಗಂಟೆಗೆ ಹತ್ತು ಹನ್ನೊಂದು ಕಿಲೋಮೀಟರ್ ಗಾಳಿ ಸಿಕ್ಕರೆ ಕೆಲಸ ಶುರು. ತೊಂಬತ್ತರ ಹತ್ತಿರ ಹೋದರೆ ರೆಕ್ಕೆಗಳನ್ನು ಓರೆ ಮಾಡಿಕೊಂಡು ನಿಂತುಬಿಡುತ್ತದೆ. ಅಳತೆಗೊಂದು ಕೆಲಸ ಇದೆ. ಸೈಕಲ್ಲಿನ ಮೇಲೆ ಕೂತವನಿಗೆ ತಿರುಗಿಸಲು ಏನಿದೆ ಹೇಳಿ.

ಸೈಕಲ್ ಕಂಪ್ಯೂಟರ್ ಅಂದರೆ ಹ್ಯಾಂಡಲ್ ಮೇಲೆ ಕೂರುವ ಫೋನಿನಂಥ ಡಬ್ಬಿ. ವೇಗ, ದೂರ, ದಾರಿ, ಎದೆಬಡಿತ ಎಲ್ಲ ತೋರಿಸುತ್ತದೆ. 2024ರ ಡಿಸೆಂಬರ್‌ನಲ್ಲಿ ಅಮೆರಿಕದ ವಾಹೂ ಕಂಪನಿ ಎಲಿಮೆಂಟ್ ಏಸ್ ಅಂತ ಒಂದು ತಂದಿತು, ಗಾಳಿ ಸೆನ್ಸರ್ ಒಳಗೇ ಇದೆ. ಅಲ್ಲಿ 600 ಡಾಲರ್, ಅಂದರೆ ನಮ್ಮ 50,000 ರೂಪಾಯಿ ದಾಟಿತು. ಮುಂದೆ ಒಂದು ಸಣ್ಣ ತೂತು. ಗಾಳಿ ಬಂದು ಅಲ್ಲಿ ಒತ್ತುತ್ತದೆ, ಒತ್ತಿದ್ದಕ್ಕೆ ತಕ್ಕಂತೆ ಲೆಕ್ಕ. ಓಡುವ ಬಸ್ಸಿನ ಕಿಟಕಿಯಿಂದ ಅಂಗೈ ಹೊರಗಿಟ್ಟರೆ ಗಾಳಿ ತಳ್ಳುತ್ತದಲ್ಲ, ಅಷ್ಟೇ ಇದರ ಗುಟ್ಟು. ಹೊಸದೇನೂ ಅಲ್ಲ. ಫ್ರಾನ್ಸಿನ ಆನ್ರಿ ಪಿಟೋ 1732ರಲ್ಲೇ ಬಗ್ಗಿಸಿದ ಕೊಳವೆಯನ್ನು ಸೇನ್ ನದಿಗೆ ಇಳಿಸಿ ನೀರಿನ ಓಟ ಅಳೆದಿದ್ದ. ಹುಬ್ಬಳ್ಳಿಗೆ ಬರುವ ವಿಮಾನಗಳ ಮೂತಿಯ ಹತ್ತಿರ ಇರುವುದೂ ಅದೇ ಕೊಳವೆಯ ಮೊಮ್ಮಗ.

ಗಾಳಿ ಮುಖ್ಯ ಅಲ್ವಾ ಅಂತ ಕೇಳಬಹುದು. ಮುಖ್ಯವೇ. ಸಪಾಟು ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರ್ ಓಡಿಸುವವನ ಶಕ್ತಿಯಲ್ಲಿ ದೊಡ್ಡ ಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಅದರ ಲೆಕ್ಕವೂ ಭಾರಿ ಮೋಸದ್ದು. ಮೈಗೆ ಬಡಿಯುವ ಗಾಳಿಯ ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ. ನೀವು 20ರಲ್ಲಿ ಹೋಗುತ್ತಿದ್ದೀರಿ, ಗಾಳಿಯೂ 20ರಲ್ಲಿ ಬೆನ್ನಿಗಿದೆ ಅಂದುಕೊಳ್ಳಿ. ಮೈಗೆ ಗಾಳಿಯೇ ತಾಗುವುದಿಲ್ಲ. ಅದೇ ಗಾಳಿ ಎದುರಾದರೆ 40ರಲ್ಲಿ ಬಡಿಯುತ್ತದೆ. ಗಾಳಿಯಿಲ್ಲದ ದಿನಕ್ಕಿಂತ ತಡೆ ನಾಲ್ಕು ಪಟ್ಟು. ಕಾಲು ಮಾತ್ರ ಅವೇ ಎರಡು.

ಇದನ್ನು ಪುಸ್ತಕದಲ್ಲಿ ಓದುವುದು ಬೇರೆ, ಆಷಾಢದಲ್ಲಿ ಗದಗ ರಸ್ತೆಯಲ್ಲಿ ಕಲಿಯುವುದು ಬೇರೆ. ನಮ್ಮ ಅಕ್ಕನ ಮಗನ ಕಥೆ ಹೇಳಲೇಬೇಕು.

ಅವನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಇಂಥದ್ದೇ ಒಂದು ಡಬ್ಬಿ ತಗೊಂಡು ಊರಿಗೆ ಬಂದ. "ಮಾಮಾ, ಹುಬ್ಬಳ್ಳಿಯಿಂದ ಗದಗಿಗೆ ಹೋಗಿ ಬರೋಣ್ರಿ" ಅಂದ. 58 ಕಿಲೋಮೀಟರ್ ಹೋಗುವುದು, ಅಷ್ಟೇ ಬರುವುದು. ನಾನು ಮನೆ ಮುಂದಿನ ತೆಂಗಿನ ಗರಿ ನೋಡಿದೆ. ಎಲ್ಲ ಗದಗಿನ ಕಡೆ ವಾಲಿದ್ದವು. ಸುಮ್ನೆ ಇದ್ದೆ. ಹೇಳಿದರೆ ಕೇಳುವ ವಯಸ್ಸಲ್ಲ.

ಬೆಳಿಗ್ಗೆ ಆರಕ್ಕೆ ಹೊರಟೆವು. ಹುಡುಗ 34, 35ರಲ್ಲಿ ಹಾರುತ್ತಿದ್ದಾನೆ. "ಇವತ್ತ ಕಾಲು ಭಾಳ ಚಲೋ ಅದಾವ್ರಿ" ಅಂತ ಹಿಂದೆ ತಿರುಗಿ ನಗುತ್ತಾನೆ. ಅಷ್ಟು ಜೋರಾಗಿ ಹೋಗುತ್ತಿದ್ದರೂ ಕುತ್ತಿಗೆಯ ಬೆವರು ಆರುತ್ತಿಲ್ಲ, ಗಲ್ಲದಿಂದ ತೊಟ್ಟಿಕ್ಕುತ್ತಿದೆ. ಗಾಳಿ ನಮ್ಮನ್ನು ಹೊತ್ತುಕೊಂಡು ಹೋಗುತ್ತಿದೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು! ಎರೆ ಹೊಲಗಳಲ್ಲಿ ಹೆಸರಿನ ಗಿಡಗಳು ಎಲೆಯ ತಿಳಿ ಬೆನ್ನು ತೋರಿಸುತ್ತಾ ಪೂರ್ವಕ್ಕೆ ಬಗ್ಗಿದ್ದವು. ಅವನ ಕಣ್ಣು ಡಬ್ಬಿಯ ಮೇಲೆ.

ಗದಗಿನಲ್ಲಿ ಚಹಾ ಕುಡಿದು ಹ್ಯಾಂಡಲ್ ಪಶ್ಚಿಮಕ್ಕೆ ತಿರುಗಿಸಿದೆವು. ಊರು ದಾಟುವುದರೊಳಗೆ ಮಾತು ನಿಂತಿತು. 35 ಇದ್ದದ್ದು 16ಕ್ಕೆ ಬಂತು. "ಮಾಮಾ, ಎದುರು ಗಾಳಿ 22 ಐತಿ ನೋಡ್ರಿ!" ಅಂದ. ನನಗೆ ಗೊತ್ತಿತ್ತು, ಎರಡೂ ಕಿವಿಯಲ್ಲಿ ಭೋರ್ ಅಂತಿತ್ತು. ಡಬ್ಬಿ ತಪ್ಪು ಹೇಳಲಿಲ್ಲ ನೋಡಿ, ಸರಿಯಾಗಿಯೇ ಹೇಳಿತು. ನಾನು ಮುಂದೆ ಹೋದೆ, ಅವನು ನನ್ನ ಹಿಂದಿನ ಚಕ್ರಕ್ಕೆ ಅಂಟಿಕೊಂಡ. "ಈಗ ಕಡಿಮೆ ತೋರಸಾಕತ್ತೈತ್ರಿ" ಅಂತ ಹಿಂದಿನಿಂದ ಕೂಗಿದ. ತೋರಿಸದೆ ಏನು ಮಾಡುತ್ತದೆ, ನನ್ನ ಬೆನ್ನು ಅಷ್ಟು ಅಗಲ ಇದೆ.

ಅಣ್ಣಿಗೇರಿಗೆ ಬರುವಷ್ಟರಲ್ಲಿ ಹುಡುಗ ಸೋತು ಸುಣ್ಣವಾಗಿದ್ದ. ಪಂಪನ ಊರಲ್ಲಿ ನಿಂತು ನಾವು ಹುಡುಕಿದ್ದು ಮಿರ್ಚಿ ಭಜಿ. ರಸ್ತೆ ಬದಿಯ ಅಂಗಡಿ, ಒಲೆ ಹೊರಗೇ ಇತ್ತು. ಒಲೆಯ ಪಕ್ಕ ಗಾಳಿಗೆ ಅಡ್ಡವಾಗಿ ತುಕ್ಕು ಹಿಡಿದ ತಗಡು ನಿಲ್ಲಿಸಿದ್ದರು. ಭಜಿ ಕರಿಯುತ್ತಿದ್ದ ಅಕ್ಕ ಇವನ ಡಬ್ಬಿ ನೋಡಿ, "ಇದೇನ್ರಿ ತಮ್ಮಾ, ಗಡಿಯಾರೇನು?" ಅಂದರು. "ಗಾಳಿ ಎಷ್ಟೈತಿ ಅಂತ ಹೇಳತೈತ್ರಿ ಅಕ್ಕಾ" ಅಂದ ಇವನು. ಅಷ್ಟರಲ್ಲಿ ಮೋಡ ಕವಿದು ಗಾಳಿ ಸ್ವಲ್ಪ ತೆಂಕಣಕ್ಕೆ ತಿರುಗಿತು, ಉರಿ ಬಾಣಲೆ ಬಿಟ್ಟು ಪಕ್ಕಕ್ಕೆ ಮಲಗಿತು. ಆ ಅಕ್ಕ ತಲೆ ಎತ್ತಿ ನೋಡಲೂ ಇಲ್ಲ. ಕೈಯಲ್ಲಿ ಭಜಿ ತೆಗೆಯುವ ಝಾರಿ ಸೌಟು ಹಿಡಿದುಕೊಂಡೇ, ಎಡಗಾಲಿನಿಂದ ತಗಡನ್ನು ಒಂದು ಗೇಣು ಆ ಕಡೆ ಸರಿಸಿದರು. ಉರಿ ನೆಟ್ಟಗೆ ನಿಂತಿತು. ಆಮೇಲೆ ಕೇಳಿದರು: "ಹೌದ? ಹೇಳಿಸ್ಕೊಂಡು ಏನ್ ಮಾಡ್ತೀರಿ?"

ಆಗಲೇ ನಿಮಗೆ ಕಲಿಸಿಕೊಟ್ಟೆನಲ್ಲ ಆ ಪ್ರಶ್ನೆ, ಅದು ನನ್ನದಲ್ಲ. ಆ ಅಕ್ಕನದು. ಅವರಿಗೆ ತಗಡು ಇತ್ತು, ನಮ್ಮ ಫ್ಯಾನಿಗೆ ತಿರುಗುವ ತಲೆ ಇದೆ. ನಮ್ಮ ಹುಡುಗನ ಹತ್ತಿರ ಇದ್ದದ್ದು 22 ಅನ್ನುವ ಸಂಖ್ಯೆ.

ಈ ಕಥೆಯಲ್ಲೇ ನನ್ನ ಹೊತ್ತು ಜಾಸ್ತಿ ಹೋಯಿತು. ಉಳಿದದ್ದು ಬೇಗ ಹೇಳುತ್ತೇನೆ.

ಈ ಸೆನ್ಸರ್ ಯಾರಿಗೆ ಬೇಕು? ಗಡಿಯಾರದ ಜೊತೆ ಸ್ಪರ್ಧೆ ಮಾಡುವವರಿಗೆ. ಗದಗ, ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ಸೈಕ್ಲಿಂಗ್‌ನಲ್ಲಿ ಹೆಸರು ಮಾಡಿದವರು. ಅಂಥವರ ತರಬೇತುದಾರರು ಒಂದೇ ರಸ್ತೆಯಲ್ಲಿ ಹತ್ತು ಸಲ ಓಡಿಸಿ, ಮೊಣಕೈ ಹೀಗಿಟ್ಟರೆ ಎಷ್ಟು, ತಲೆ ತಗ್ಗಿಸಿದರೆ ಎಷ್ಟು ಅಂತ ನೋಡುತ್ತಾರೆ. ಅವರು ಅಳತೆ ನೋಡಿ ಕೂರುವ ರೀತಿಯನ್ನೇ ಬದಲಿಸುತ್ತಾರೆ, ಅಂದರೆ ಅವರಿಗೆ ತಿರುಗಿಸಲು ಏನೋ ಇದೆ. ಅದಕ್ಕೂ ಪೆಡಲ್ ಶಕ್ತಿ ಅಳೆಯುವ ಪವರ್ ಮೀಟರ್ ಬೇಕು, ಅದರ ದುಡ್ಡು ಬೇರೆ. ಭಾನುವಾರ ನುಗ್ಗೀಕೇರಿ ಹನುಮಪ್ಪನ ಗುಡಿಗೆ ಹೋಗಿ ಬರುವವರಿಗೆ ಇದು ಬೇಡ. ಬೇಡ ಅಂದರೆ ಬೇಡ.

ಗಾಳಿಯ ತಡೆಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಸೈಕಲ್ಲಿನದಲ್ಲ, ಮೇಲೆ ಕೂತವನ ಮೈಯದು. ಎದುರು ಗಾಳಿ ಬಂದರೆ ಮೊಣಕೈ ಮಡಚಿ ಬೆನ್ನು ಬಗ್ಗಿಸಿ. ಪಟಪಟ ಹಾರುವ ಅಂಗಿ ಬಿಟ್ಟು ಮೈಗಂಟುವ ಬನಿಯನ್ ಹಾಕಿ. ಇಬ್ಬರಿದ್ದರೆ ಸರದಿಯ ಮೇಲೆ ಮುಂದೆ ಹೋಗಿ. ಇದ್ಯಾವುದಕ್ಕೂ ಚಾರ್ಜ್ ಮಾಡಬೇಕಿಲ್ಲ.

ಇನ್ನೊಂದು, ದಾರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಪಡುವಣದ್ದು, ಅದಕ್ಕೆ ಸೆನ್ಸರ್ ಬೇಡ. ಹುಬ್ಬಳ್ಳಿಯವರು ಆ ದಿನಗಳಲ್ಲಿ ಮೊದಲು ಕಲಘಟಗಿ ಕಡೆಗೋ ಧಾರವಾಡದ ಕಡೆಗೋ ಹೋಗಿ. ಕಾಲಲ್ಲಿ ಕಸುವಿರುವಾಗಲೇ ಗಾಳಿಗೆ ಎದುರಾಗಿ, ಬರುವಾಗ ಅದೇ ಮನೆಗೆ ತಳ್ಳಿಕೊಂಡು ಬರುತ್ತದೆ. ಗದಗಿಗೇ ಹೋಗಬೇಕು ಅನ್ನುವವರು ಸೈಕಲ್ ಮೇಲೆ ಹೋಗಿ, ವಾಪಸ್ ಬರುವಾಗ ಸೈಕಲ್ಲನ್ನು ರೈಲಿನಲ್ಲಿ ಲಗೇಜ್ ಬುಕ್ ಮಾಡಿ ಬನ್ನಿ. ಅಣ್ಣಿಗೇರಿಯ ಭಜಿ ಮಾತ್ರ ಹೋಗುವಾಗಲೇ ತಿಂದುಬಿಡಿ.

ನಮಸ್ಕಾರ.