ಕಿಲೋ ನೋಡಬೇಡಿ, ಮೋಲ್ ನೋಡಿ

ಕೇಳುಗರಿಗೆ ನಮಸ್ಕಾರ. ಪ್ರಥಮ ಪಿಯುಸಿ ಮಕ್ಕಳಿಗೆ ಲಿಮಿಟಿಂಗ್ ರೀಏಜೆಂಟ್ ಅಂದರೇನು ಅಂತ ಹೇಳಲು ಕರೆದಿದ್ದಾರೆ. ಅಡಿಕೆ ತೋಟದವರೂ ರೇಡಿಯೋ ಹತ್ತಿರ ಬನ್ನಿ, ಈ ಪಾಠ ಇರುವುದೇ ನಿಮ್ಮ ಡ್ರಮ್ಮಿನಲ್ಲಿ.

ಎರಡು ವಸ್ತು ಸೇರಿ ಕ್ರಿಯೆ ನಡೆಯುವಾಗ ಯಾವುದು ಮೊದಲು ಖಾಲಿಯಾಗುತ್ತದೋ ಅದೇ ಲಿಮಿಟಿಂಗ್ ರೀಏಜೆಂಟ್. ಇನ್ನೊಂದು ಮಿಕ್ಕುತ್ತದೆ. ಯಾವುದು ಖಾಲಿ, ಯಾವುದು ಮಿಕ್ಕಿತು ಅನ್ನುವುದು ತಕ್ಕಡಿಗೆ ಗೊತ್ತಾಗುವುದಿಲ್ಲ. ಕಿಲೋ ನೋಡಬೇಡಿ, ಮೋಲ್ ನೋಡಿ. ಮೋಲ್ ಅಂದರೆ ಕಣಗಳನ್ನು ಎಣಿಸುವ ಅಳತೆ, ಡಜನ್ ಇದ್ದ ಹಾಗೆ.

ನಾನು ಪಿಯುಸಿ ಓದುತ್ತಿದ್ದ ವರ್ಷದ ಮಾತು. ಸಾಗರದ ಕಡೆ ನಮ್ಮ ತೋಟ. ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸಬೇಕು. ಬೋರ್ಡೋ ಲೆಕ್ಕ ನಿಮಗೆಲ್ಲ ಬಾಯಿಪಾಠ: 1 ಕಿಲೋ ಮೈಲುತುತ್ತ (ಅಂದರೆ ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು. ಅಪ್ಪಯ್ಯ ಚಿನ್ನ ತೂಗಿದ ಹಾಗೆ ತೂಗಿದರು. ಸುಣ್ಣ ಮಾತ್ರ ಹಿಂದಿನ ವರ್ಷದ್ದು, ಅಟ್ಟದ ಮೇಲೆ ಬಾಯಿ ಬಿಚ್ಚಿದ ಚೀಲದಲ್ಲಿ ಬಿದ್ದಿತ್ತು. ನೀರು ಹಾಕಿದರೆ ಕುದಿಯಲೇ ಇಲ್ಲ, ಜೇಡಿಮಣ್ಣಿನ ಹಾಗೆ ಕದಡಿಕೊಂಡಿತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ತನ್ನ ಕತ್ತಿಯನ್ನು ಡ್ರಮ್ಮಿಗೆ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿದ. ಅಲಗೆಲ್ಲ ಕೆಂಪು. "ಒಡೆಯಾ, ಇದು ಹೊಡೆಯೋದು ಬ್ಯಾಡ" ಅಂದ. "ಸಮಸಮ ಹಾಕಿದೀನಲ್ಲೋ ಮಾರಾಯ, ಮರ ಹತ್ತು" ಅಂದರು ಅಪ್ಪಯ್ಯ. ಆಮೇಲೆ ನೋಡಿದರೆ ಎಳೆಗಾಯಿ ಸುಟ್ಟು ಕಪ್ಪಾಗಿ ಉದುರುತ್ತಿದ್ದವು. ಕೊಳೆ ಬರುವ ಮೊದಲೇ ಔಷಧಿ ತಿಂದಿತ್ತು!

ಆಗಿದ್ದು ಇಷ್ಟೇ. ಗಾಳಿಗೆ ಬಿಟ್ಟ ಸುಣ್ಣ ಕಾರ್ಬನ್ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುತ್ತದೆ. ತೂಕ ಇಳಿಯುವುದಿಲ್ಲ, ಏರುತ್ತದೆ. ಕೆಲಸ ಮಾಡುವ ಮೋಲ್ ಮಾತ್ರ ಮಾಯ. ಡ್ರಮ್ಮಿನಲ್ಲಿ ಸುಣ್ಣ ಮೊದಲು ಮುಗಿಯಿತು, ಮಿಕ್ಕ ಮೈಲುತುತ್ತ ಕಾಯಿ ಸುಟ್ಟಿತು. ಕತ್ತಿಗೆ ಅಂಟಿದ ಕೆಂಪು ಆ ಮಿಕ್ಕಿದ್ದರ ತಾಮ್ರ. ಓದಿದ ನಾನು ಬಾಯಿ ಮುಚ್ಚಿಕೊಂಡಿದ್ದೆ, ಕೊನೆಗೌಡ ಹೇಳಿದ.

ಈಗ ಲೆಕ್ಕ, ಬೇಗ ಬರೆದುಕೊಳ್ಳಿ. ಮೈಲುತುತ್ತ ಮೋಲಿಗೆ 250 ಗ್ರಾಂ, ಸುಟ್ಟ ಸುಣ್ಣ 56 ಗ್ರಾಂ. ಒಂದು ಮೋಲಿಗೆ ಒಂದು ಮೋಲ್ ಜೋಡಿ. 1 ಕಿಲೋ ಮೈಲುತುತ್ತದಲ್ಲಿ 4 ಮೋಲ್, 1 ಕಿಲೋ ಹೊಸ ಸುಣ್ಣದಲ್ಲಿ ಸುಮಾರು 18. ತೂಕ ಒಂದೇ, ಎಣಿಕೆ ಎಲ್ಲಿಂದೆಲ್ಲಿಗೆ! ಮೈಲುತುತ್ತವೇ ಮೊದಲು ಮುಗಿಯಬೇಕು, ಅದಕ್ಕೇ ಸುಣ್ಣ ಅಷ್ಟೊಂದು. ಪರೀಕ್ಷೆಯಲ್ಲಿ ಉತ್ಪನ್ನ ಎಷ್ಟು ಅಂತ ಕೇಳಿದರೆ ಮೊದಲು ಮುಗಿಯುವುದರಿಂದಲೇ ಲೆಕ್ಕ ಹಾಕಿ, 4 ಮೋಲ್. 18 ಬರೆದು ಬಂದು ನನ್ನ ಮುಂದೆ ಅಳಬೇಡಿ.

ಮೈಸೂರು ಸಂಸ್ಥಾನದಲ್ಲಿ ಕೊಳೆರೋಗದ ಬೆನ್ನು ಹತ್ತಿದ ಲೆಸ್ಲಿ ಕೋಲ್ಮನ್ ಬಗ್ಗೆಯೂ ಹೇಳಬೇಕೆಂದು ಚೀಟಿ ಮಾಡಿಕೊಂಡು ಬಂದಿದ್ದೆ. ಗಾಜಿನಾಚೆಯಿಂದ ಗಡಿಯಾರ ತೋರಿಸುತ್ತಿದ್ದಾರೆ, ಬಿಡಿ. ಕತ್ತಿ ಕೆಂಪಾದರೆ ಸುಣ್ಣದ ನೀರು ಇನ್ನಷ್ಟು ಹಾಕಿ, ಮತ್ತೆ ಅದ್ದಿ ನೋಡಿ. ಹಳೆ ಚೀಲದ್ದಲ್ಲ, ಹೊಸ ಸುಣ್ಣ. ನಮಸ್ಕಾರ.